ಚಮಕಿಯ ಒಳಗಿನ ಅಸ್ತರು

ಮಕ್ಕಳೇ, ಜಾತ್ರೆಗೆ ಹೋದರೆ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಹೆಚ್ಚಿನವರದು ಮಿಠಾಯಿ ಅಂಗಡಿಗೆ. ಆದರೆ ಪ್ರತಿ ಊರಿನಲ್ಲೂ ಒಂದಿಬ್ಬರು ಇರುತ್ತಾರೆ. ಅವರ ಕಣ್ಣು ನಾಟಕದ ರಾಜನ ನಿಲುವಂಗಿ, ರಾಣಿಯ ಸೆರಗಿನ ಜರಿ ಬಿಟ್ಟು ಕದಲುವುದಿಲ್ಲ. ನಾನೂ ಅಂಥವಳೇ. ಇವತ್ತಿನ ಮಾತು ಆ ಮಕ್ಕಳಿಗೆ, ಮತ್ತು ಅವರನ್ನು ಗದರುವ ಹಿರಿಯರಿಗೆ.

ನಮ್ಮ ಹಾವೇರಿ ಸೀಮೆಯಲ್ಲಿ ಕಣ್ಣು ಕುಕ್ಕುವ ವೇಷಗಳಿಗೆ ಬರವಿಲ್ಲ. ದೊಡ್ಡಾಟದ ರಾಜನನ್ನು ನೋಡಿ. ತಲೆಗೆ ಕಿರೀಟ, ಹೆಗಲಿಗೆ ಭುಜಕೀರ್ತಿ. ದೂರದಿಂದ ಎಲ್ಲ ಬಂಗಾರ. ಹತ್ತಿರ ಹೋದರೆ ಹಗುರ ಕಟ್ಟಿಗೆಯ ಮೇಲೆ ಅಂಟಿಸಿದ ಬೇಗಡೆ, ಕನ್ನಡಿ ಚೂರು. ರಾತ್ರಿಯಿಡೀ ಕುಣಿಯುವವನಿಗೆ ನಿಜವಾದ ಲೋಹ ಹೊರಿಸಿದರೆ ಹೆಗಲು ಉಳಿದೀತೇ? ಹಾವೇರಿಯ ಏಲಕ್ಕಿ ಹಾರವೂ ಹಾಗೆಯೇ. ಕಾಯಿಗಳನ್ನು ಒಂದೊಂದಾಗಿ ಪೋಣಿಸುವ ತಾಳ್ಮೆಯೇ ಅದರ ಅಂದ.

ನಾನು ಬೆಳೆದದ್ದು ಬ್ಯಾಡಗಿಯಲ್ಲಿ. ಮೆಣಸಿನಕಾಯಿಯ ಕೆಂಪು ರಾಶಿಗಳ ನಡುವೆ ತಾಂಡಾದ ಲಂಬಾಣಿ ಅಜ್ಜಿಯರು ನಡೆದು ಬಂದರೆ ಅವರ ಕಾಂಚಳಿಯ ಕನ್ನಡಿಗಳು ಬಿಸಿಲಿಗೆ ಫಳಫಳ ಎನ್ನುತ್ತಿದ್ದವು. ಆ ಕನ್ನಡಿಗೆ ತೂತು ಇರುವುದಿಲ್ಲ. ಮೊದಲು ಅದರ ಮೇಲೆ ಅಡ್ಡ-ಉದ್ದ ನಾಲ್ಕು ಎಳೆ ಬಿಗಿದು, ಆ ಎಳೆಗಳನ್ನೇ ಹಿಡಿದು ಸುತ್ತಲೂ ಉಂಗುರದಂತೆ ಹೊಲಿಯುತ್ತಾರೆ. ಇದೇ ಬಳಗದ ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಇಂಥ ಹೊಳಪಿಗೆ ನಾನು ಮರುಳಾದದ್ದು ಅಪ್ಪನಿಗೆ ಸೇರುತ್ತಿರಲಿಲ್ಲ. “ಚಮಕಿಲೆ ಹೊಟ್ಟಿ ತುಂಬತೈತೇನು?” ಎನ್ನುತ್ತಿದ್ದರು. ಅವರ ಚಿಂತೆ ಸುಳ್ಳಲ್ಲ. ವರ್ಷಕ್ಕೊಮ್ಮೆ ಹೊಸ ಅಂಗಿ ಕಾಣುವ ಮನೆ ನಮ್ಮದು. ಅಜ್ಜಿ ಮಾತ್ರ ವಾದ ಮಾಡಲಿಲ್ಲ. ಹಳೇ ಸೀರೆ, ಧೋತರದ ತುಂಡುಗಳನ್ನು ಹರವಿ, “ಮೊದ್ಲ ಕೌದಿ ಹೊಲಿ, ಆಮ್ಯಾಲ ರಾಣಿ ಸೀರಿ” ಎಂದು ಕೈಗೆ ಸೂಜಿ ಕೊಟ್ಟಳು. ನೇರವಾಗಿ, ಒಂದೇ ಅಳತೆಯಲ್ಲಿ ಟಾಕಿ ಹಾಕುವುದನ್ನು ನಾನು ಕಲಿತದ್ದು ಆ ಕೌದಿಯ ಮೇಲೆ.

ಮುಂದೆ ರಾಣೆಬೆನ್ನೂರಿನಲ್ಲಿ ಹೊಲಿಗೆ ತರಬೇತಿಗೆ ಸೇರಿದೆ. ಅಲ್ಲಿ ಎದುರಾದದ್ದು ಗಣಿತ! ಕುಣಿಯುವಾಗ ಛತ್ರಿಯಂತೆ ಅರಳುವ ಲಂಗವನ್ನು ನೋಡಿದ್ದೀರಲ್ಲ? ಅದು ಬಟ್ಟೆಯ ಒಂದು ವೃತ್ತ, ನಡುವೆ ಸೊಂಟಕ್ಕೆ ಇನ್ನೊಂದು ವೃತ್ತ. ಹುಡುಗಿಯ ಸೊಂಟ 22 ಇಂಚು ಎಂದುಕೊಳ್ಳಿ. ಸಾಲಿಯಲ್ಲಿ ಕಲಿತ 22/7 ನೆನಪಿದೆಯೇ? ಲೆಕ್ಕ ಹಾಕಿದರೆ ಒಳವೃತ್ತದ ತ್ರಿಜ್ಯ 3.5 ಇಂಚು. ಲಂಗದ ಉದ್ದ 24.5 ಇಂಚು ಸೇರಿಸಿದರೆ ಹೊರವೃತ್ತದ ತ್ರಿಜ್ಯ 28 ಇಂಚು. ಆಗ ಕೆಳಗಿನ ಅಂಚಿನ ಸುತ್ತಳತೆ 176 ಇಂಚು, ಸೊಂಟದ ಎಂಟು ಪಟ್ಟು! ಲೇಸು ಹಚ್ಚಲು ಸುಮಾರು ನಾಲ್ಕೂವರೆ ಮೀಟರ್ ಬೇಕು. ಈ ಲೆಕ್ಕ ಬಾರದವರು ಲೇಸು ತರಲು ಎರಡು ಸಲ ಪೇಟೆಗೆ ಹೋಗಬೇಕಾಗುತ್ತದೆ.

ಈಗ ನಾನು ಸಾಲಿ ಗ್ಯಾದರಿಂಗಿಗೆ ವೇಷ ಹೊಲಿಯುತ್ತೇನೆ. ಕಿತ್ತೂರು ಚೆನ್ನಮ್ಮ ಕತ್ತಿ ಎತ್ತಿದಾಗ ಬಗಲು ಹರಿಯಬಾರದು. ಅದಕ್ಕೆ ಬಗಲಿಗೆ ಒಂದು ಚೌಕ ತುಂಡು ಓರೆಯಾಗಿ ಕೂಡಿಸುತ್ತೇವೆ. ಚಮಕಿ ಮೈಗೆ ಚುಚ್ಚುತ್ತದೆ. ಅದಕ್ಕೆ ಒಳಗೆ ಮೆತ್ತನೆಯ ಹತ್ತಿಯ ಅಸ್ತರು ಕೊಡುತ್ತೇವೆ. ನೋಡುವವರಿಗೆ ಕಾಣುವುದು ಚಮಕಿ, ಮಗುವನ್ನು ಕಾಯುವುದು ಅಸ್ತರು. ವೇಷದ ಕೆಲಸ ವರ್ಷದಲ್ಲಿ ಎರಡು ತಿಂಗಳು. ಉಳಿದ ಹತ್ತು ತಿಂಗಳು ಜಂಪರ್, ಸೀರೆಗೆ ಫಾಲ್, ಸಾಲಿ ಯುನಿಫಾರ್ಮ್. ಮನೆ ನಡೆಯುವುದು ಎರಡೂ ಸೇರಿ.

ಬೆಳಗಾವಿಯ ಆಚೆ ಕೊಲ್ಲಾಪುರದಲ್ಲಿ 1929ರಲ್ಲಿ ಹುಟ್ಟಿದ ಭಾನು ಅಥೈಯಾ ಅವರ ಕಥೆ ಕೇಳಿ. ತಂದೆ ಚಿತ್ರಕಾರರು, ಮಗಳು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಮಗಳು ಮುಂಬಯಿಗೆ ಹೋಗಿ ಚಿತ್ರಕಲೆ ಕಲಿತು, ವಾರಪತ್ರಿಕೆಗೆ ಉಡುಪಿನ ಚಿತ್ರ ಬರೆಯುತ್ತ, ಸಿನಿಮಾ ತಾರೆಯರಿಗೆ ವೇಷ ರೂಪಿಸತೊಡಗಿದರು. 1966ರ ‘ಆಮ್ರಪಾಲಿ’ಗಾಗಿ ಅಜಂತಾದ ಚಿತ್ರಗಳನ್ನು ನೋಡಿ ಬಂದು ವೈಜಯಂತಿಮಾಲಾ ಅವರನ್ನು ಸಿಂಗರಿಸಿದರು. ಆದರೆ 1983ರಲ್ಲಿ ಅವರಿಗೆ ಆಸ್ಕರ್ ತಂದದ್ದು ‘ಗಾಂಧಿ’ ಚಿತ್ರ. ಅದರಲ್ಲಿ ಎದ್ದು ಕಾಣುವುದು ಚಮಕಿಯಲ್ಲ, ಬಿಳಿ ಖಾದಿ! ಆಸ್ಕರ್ ಪಡೆದ ಮೊದಲ ಭಾರತೀಯರು ಅವರೇ. ನಮ್ಮ ಪ್ರೇಮಾ ಕಾರಂತರೂ ನಾಟಕಗಳ ವೇಷಭೂಷಣ ನೋಡಿಕೊಳ್ಳುತ್ತ ಮಕ್ಕಳ ರಂಗಭೂಮಿ ಕಟ್ಟಿದವರು. ಕನ್ನಡದ ಮೊದಲ ಮಹಿಳಾ ಚಿತ್ರನಿರ್ದೇಶಕಿಯೂ ಹೌದು.

ಅಜ್ಜ-ಅಜ್ಜಿಯರೇ, ಮೊಮ್ಮಗಳು ನಿಮ್ಮ ಇಳಕಲ್ ಸೀರೆ ಸುತ್ತಿಕೊಂಡು ಕನ್ನಡಿ ಮುಂದೆ ನಿಂತರೆ ನಗಬೇಡಿ. ಮೊಮ್ಮಗ ಗೊಂಬೆಗೆ ಅಂಗಿ ಹೊಲಿದರೆ ‘ಇದು ಗಂಡುಮಕ್ಕಳ ಕೆಲಸವೇ?’ ಎನ್ನಬೇಡಿ. ನಮ್ಮೂರ ಟೇಲರ್ ಅಂಗಡಿಯಲ್ಲಿ ಮಿಷನ್ ತುಳಿಯುವವರು ಯಾರು, ಒಮ್ಮೆ ನೋಡಿ ಬನ್ನಿ. ಹೊಳಪಿನ ಆಸೆ ಹುಚ್ಚಲ್ಲ, ಅದೊಂದು ಬಾಗಿಲು. ಒಳಗೆ ಕರೆದುಕೊಂಡು ಹೋಗಲು ಪಕ್ಕದಲ್ಲಿ ಒಬ್ಬ ಹಿರಿಯರು ಬೇಕು.

ಮಕ್ಕಳೇ, ಈ ವಾರದ ಕೆಲಸ: ಗೊಂಬೆಯ ಸೊಂಟಕ್ಕೆ ದಾರ ಸುತ್ತಿ ಅಳೆಯಿರಿ. ಆ ಅಳತೆಯನ್ನು 7ರಿಂದ ಗುಣಿಸಿ, 44ರಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆ. ಹಳೇ ಪೇಪರಿನಲ್ಲಿ ಕತ್ತರಿಸಿ ತೊಡಿಸಿ ನೋಡಿ. ಸರಿ ಕೂತರೆ, ಅಜ್ಜಿಯ ಹತ್ತಿರ ಒಂದು ತುಂಡು ಬಟ್ಟೆ ಕೇಳಿ.