ಕಟ್ಟು ಬಿಚ್ಚಿದ ಮೇಲೆ ಕಾಲು ಯಾರ ಪಾಲು?

ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಧಾರಣೆ ಎಷ್ಟು ಅಂತ ಕೇಳಿದರೆ ಹೋಟೆಲಿನ ಮಾಣಿಯೂ ಥಟ್ಟನೆ ಹೇಳುತ್ತಾನೆ. 2025ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಕಟ್ಟಿತು. ಮಾರುಕಟ್ಟೆ ಅದನ್ನೆಲ್ಲ ಹಿಂದಕ್ಕೆ ಹಾಕಿ 20 ಸಾವಿರ ದಾಟಿತು. ಅಂಗಡಿ ಕಟ್ಟೆಯಲ್ಲಿ, ಬಸ್ಸಿನಲ್ಲಿ ಅದೇ ಮಾತು. ಧಾರಣೆ ಏರಿದರೂ ಸುದ್ದಿ, ಇಳಿದರೂ ಸುದ್ದಿ. ಆದರೆ ನಲವತ್ತು, ಐವತ್ತು ಅಡಿ ಮರ ಹತ್ತಿ ಆ ಕಾಯಿ ಇಳಿಸುವವನ ಕಾಲಿನ ಧಾರಣೆ ಎಷ್ಟು? ಅದು ಯಾವ ಬೋರ್ಡಿನ ಮೇಲೂ ಬರೆದಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರು ತಾಲ್ಲೂಕಿನ ಒಲೆ ಉರಿಯುವುದು ತೆಂಗಿನಿಂದ. ದೋಟಿಯಿಂದ ಕೀಳುವವರು ನೆಲದ ಮೇಲೆ ನಿಂತಿರುತ್ತಾರೆ. ಮರ ಹತ್ತುವವನಿಗೆ ಆಧಾರ ಅವನ ಪಾದ ಮಾತ್ರ. ಮಳೆಗೆ ನೆನೆದು ಪಾಚಿ ಕಟ್ಟಿದ ಮರದಲ್ಲಿ ಒಂದು ಹೆಜ್ಜೆ ತಪ್ಪಿದರೆ ಮುಗಿಯಿತು. ಮರದ ಮೇಲಷ್ಟೇ ಅಲ್ಲ, ಉಂಡೆ ಕೊಬ್ಬರಿಗೆ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡಬೇಕು. ಆ ಅಟ್ಟದ ಏಣಿಯಿಂದ ಜಾರುವವರೂ ಇದ್ದಾರೆ. ಸುಲಿಯುವ ಜಾಗದಲ್ಲಿ ಉರುಳಿದ ಕಾಯಿಯ ಮೇಲೆ ಕಾಲಿಟ್ಟು ಹರಡು ಉಳುಕಿಸಿಕೊಳ್ಳುವ ಹೆಣ್ಣುಮಕ್ಕಳೂ ಇದ್ದಾರೆ.

ಹಿಮ್ಮಡಿಯೇ ಮೊದಲ ಬಲಿ

ಎತ್ತರದಿಂದ ಕಾಲ ಮೇಲೆ ಬಿದ್ದವನಿಗೆ ಮೊದಲ ಪೆಟ್ಟು ಹಿಮ್ಮಡಿಗೆ. ಒಂದು ಪಾದದಲ್ಲಿ ಇರುವುದು 26 ಮೂಳೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಹಿಮ್ಮಡಿಯ ಮೂಳೆ. ಮೈಭಾರವೆಲ್ಲ ಒಮ್ಮೆಗೇ ಅದರ ಮೇಲೆ ಕೂತರೆ ಅದು ಕಡ್ಡಿಯಂತೆ ಎರಡು ತುಂಡಾಗುವುದಿಲ್ಲ, ಮೊಟ್ಟೆ ಚಿಪ್ಪಿನಂತೆ ಕುಸಿಯುತ್ತದೆ. ಅದೇ ಪೆಟ್ಟು ಮೇಲಕ್ಕೆ ಹೋಗಿ ಸೊಂಟದ ಮೂಳೆಯನ್ನೂ ಬಿರುಕು ಬಿಡಿಸಬಹುದು. ಆದ್ದರಿಂದ ಮರದಿಂದ ಬಿದ್ದವನನ್ನು ಎತ್ತಿ ಕೂರಿಸಿ, ನಡೆಸಿ ನೋಡುವುದು ಅಪಾಯ. ಹಿಮ್ಮಡಿ ನೋವು ಎಂದವನ ಬೆನ್ನನ್ನೂ ಡಾಕ್ಟರಿಗೆ ತೋರಿಸಲೇಬೇಕು.

ಇನ್ನು ಬರೀ ಉಳುಕು. ಬಸ್ಸಿನ ಫುಟ್‌ಬೋರ್ಡಿನಿಂದ ಇಳಿಯುವಾಗ, ಚರಂಡಿ ದಾಟುವಾಗ ಪಾದ ಒಳಕ್ಕೆ ಮಡಚಿಕೊಳ್ಳುವುದು ದಿನನಿತ್ಯದ್ದು. ಎಕ್ಸ್‌ರೇ ಬೇಕೋ ಬೇಡವೋ ಅಂತ ಹೇಳಲು ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಒಂದು ಸುಲಭದ ಸೂತ್ರ ಕಂಡುಹಿಡಿದರು. ಪೆಟ್ಟು ಬಿದ್ದ ಕಾಲಿನಲ್ಲಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಹರಡಿನ ಎರಡು ಪಕ್ಕದ ಉಬ್ಬು ಮೂಳೆಯ ಹಿಂಬದಿಯನ್ನು ಒತ್ತಿದಾಗ ಪ್ರಾಣ ಹೋದಂತಾದರೂ ಬೇಕು. ಕಿರುಬೆರಳ ಸಾಲಿನಲ್ಲಿ ಪಾದದ ಹೊರ ಅಂಚಿನ ಮಧ್ಯದ ಗಂಟನ್ನೋ, ಒಳಪಕ್ಕದ ಕಮಾನಿನ ಮೇಲಿನ ಮೂಳೆಯನ್ನೋ ಒತ್ತಿದಾಗ ಹಾಗಾದರೂ ಅಷ್ಟೇ. ಇವು ಯಾವುವೂ ಇಲ್ಲದಿದ್ದರೆ ಹೆಚ್ಚಿನ ಪಾಲು ಅದು ಉಳುಕು.

ಆರು ವಾರದ ಲೆಕ್ಕ

ತೊಂದರೆ ಶುರುವಾಗುವುದು ಇಲ್ಲಿಂದ. ಆಸ್ಪತ್ರೆಯಲ್ಲಿ ಸಿಮೆಂಟ್ ಕಟ್ಟು ಹಾಕುತ್ತಾರೆ, ಇಲ್ಲವೇ ಆಪರೇಷನ್ ಮಾಡಿ ಪ್ಲೇಟು ಕೂರಿಸುತ್ತಾರೆ. ವಾರಗಳು ಕಳೆದು ಕಟ್ಟು ಬಿಚ್ಚುತ್ತಾರೆ. ‘ಬಿಚ್ಚಿದ್ರಲ್ಲ, ಇನ್ನೇನು, ಎದ್ದು ಓಡಾಡು’ ಅನ್ನುತ್ತದೆ ಮನೆಮಂದಿ. ತೋಟದವರು ‘ಯಾವಾಗ ಬರ್ತೀಯಪ್ಪಾ, ಕಾಯಿ ಉದುರ್ತಾ ಇದೆ’ ಅನ್ನುತ್ತಾರೆ. ಆದರೆ ಕಟ್ಟಿನೊಳಗೆ ಕಾಲು ಏನಾಗಿದೆ? ಮೀನಖಂಡ ಸೊರಗಿ ಕಡ್ಡಿಯಾಗಿದೆ. ಹರಡಿನ ಕೀಲು ತುಕ್ಕು ಹಿಡಿದ ಬಾಗಿಲಿನಂತೆ ಬಿಗಿದಿದೆ. ಕೆಳಗೆ ಬಿಟ್ಟರೆ ಪಾದ ಊದುತ್ತದೆ. ಮೂಳೆ ಕೂಡಿದೆ, ಸರಿ. ಕಾಲು ಮಾತ್ರ ಇನ್ನೂ ಬಂದಿಲ್ಲ.

ಹಿಮ್ಮಡಿ ಮುರಿದವನು ಆರರಿಂದ ಹನ್ನೆರಡು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ಭಾರದ ಕೆಲಸಕ್ಕೆ ಮರಳಲು ಆರು ತಿಂಗಳು, ವರ್ಷವೂ ಹಿಡಿಯುತ್ತದೆ. ಕೆಲವರು ಮತ್ತೆ ಮರ ಹತ್ತುವುದೇ ಇಲ್ಲ.

ಈಗ ಸರ್ಕಾರದ ಲೆಕ್ಕ ನೋಡಿ. ತೆಂಗು ಅಭಿವೃದ್ಧಿ ಮಂಡಳಿ ಮರ ಹತ್ತುವವರಿಗೆ ‘ಕೇರ ಸುರಕ್ಷಾ’ ಎಂಬ ವಿಮೆ ಇಟ್ಟಿದೆ. ಕಂತಿನ ಬಹುಪಾಲು ಮಂಡಳಿಯದು, ಉಳಿದದ್ದು ಕಾರ್ಮಿಕನದು. ಸತ್ತರೆ ಪರಿಹಾರ ಇದೆ, ಅಂಗ ಊನವಾದರೆ ಇದೆ, ಆಸ್ಪತ್ರೆ ಖರ್ಚೂ ಇದೆ. ಒಳ್ಳೆಯ ಯೋಜನೆ, ಅನುಮಾನವಿಲ್ಲ. ಆದರೆ ಕೆಲಸಕ್ಕೆ ಹೋಗಲಾಗದೆ ಮನೆಯಲ್ಲಿ ಕೂತವನಿಗೆ ಕೊಡುವ ವಾರದ ಪರಿಹಾರ ಹೆಚ್ಚೆಂದರೆ ಆರು ವಾರ. ಅಂದರೆ ಕಟ್ಟು ಬಿಚ್ಚುವ ಹೊತ್ತಿಗೆ ಹಣವೂ ನಿಲ್ಲುತ್ತದೆ! ನಿಜವಾದ ಚಿಕಿತ್ಸೆ ಶುರುವಾಗಬೇಕಾದ ದಿನವೇ ಮನೆಯ ರೇಷನ್ನಿಗೆ ಬೇರೆ ದಾರಿ ಹುಡುಕಬೇಕು. ಹೀಗಿರುವಾಗ ಅವನು ಅರೆಬೆಂದ ಕಾಲಿನಲ್ಲೇ ಮರ ಹತ್ತಿದರೆ ತಪ್ಪು ಯಾರದು?

ತಿಕ್ಕುವುದಲ್ಲ, ನಡೆ ಕಲಿಸುವುದು

ಫಿಜಿಯೋಥೆರಪಿ ಎಂದರೆ ಎಣ್ಣೆ ಹಚ್ಚಿ ತಿಕ್ಕುವುದು, ಇಲ್ಲವೇ ಕರೆಂಟ್ ಕೊಡುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಅದು ನಾಲ್ಕು ವರ್ಷಕ್ಕೂ ಮೀರಿದ ಪದವಿ ಓದು. 2021ರಲ್ಲಿ ಸಂಸತ್ತು ಮಾಡಿದ ಕಾನೂನಿನಡಿ ಮಾನ್ಯತೆ ಪಡೆದ ವೃತ್ತಿ. ಅದರ ಮುಖ್ಯ ಕೆಲಸ ತಿಕ್ಕುವುದಲ್ಲ, ಮರೆತ ನಡೆಯನ್ನು ಕಾಲಿಗೆ ಮತ್ತೆ ಕಲಿಸುವುದು.

ಕ್ರಮ ಹೀಗಿದೆ. ಮೊದಲು ಬಾವು ಇಳಿಸಬೇಕು. ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕಿಟ್ಟು ಪಾದವನ್ನು ಮೇಲೆ ಕೆಳಗೆ ಆಡಿಸಬೇಕು. ಆಮೇಲೆ ಬಿಗಿ ಬಿಡಿಸುವುದು. ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆದರೆ ಕೀಲು ಎಲ್ಲಾ ಕಡೆಗೂ ತಿರುಗುತ್ತದೆ. ನೆಲಕ್ಕೆ ಟವೆಲ್ ಹಾಸಿ ಬೆರಳುಗಳಿಂದ ಸುರುಟಿ ಎಳೆದರೆ ಅಂಗಾಲಿಗೆ ಬಲ. ಟವೆಲನ್ನೇ ಪಾದಕ್ಕೆ ಸುತ್ತಿ ಮೈಕಡೆಗೆ ಎಳೆದು ಹಿಡಿದರೆ ಮೀನಖಂಡ ಸಡಿಲವಾಗುತ್ತದೆ. ಭಾರ ಹಾಕಬಹುದು ಎಂದು ಡಾಕ್ಟರು ಹೇಳಿದ ಮೇಲೆಯೇ ನಿಂತು ಮಾಡುವ ವ್ಯಾಯಾಮ: ಗೋಡೆಯನ್ನೋ ಅಂಗಡಿಯ ಗಲ್ಲಾ ಮೇಜನ್ನೋ ಹಿಡಿದು ಹಿಮ್ಮಡಿ ಎತ್ತುವುದು, ಇಳಿಸುವುದು. ಕೊನೆಯದು ಒಂಟಿ ಕಾಲಿನಲ್ಲಿ ನಿಲ್ಲುವುದು. ಬಹಳ ಜನ ಬಿಟ್ಟುಬಿಡುವುದು ಇದನ್ನೇ. ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದು ಸಮತೋಲ ಕಲಿಯದ ಕಾರಣಕ್ಕೆ. ಮರದ ಮೇಲೆ ನಿಲ್ಲಬೇಕಾದವನಿಗಂತೂ ಅದೇ ಜೀವ.

ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ನಿಲ್ಲುವವರಿಗೂ ಈ ಮಾತು. ವರ್ಷದ ಹಿಂದೆ ಉಳುಕಿದ ಕಾಲು ಸಂಜೆಯಾದರೆ ಇಂದಿಗೂ ಊದುತ್ತಿದ್ದರೆ ಅದು ವಯಸ್ಸಿನ ದೋಷವಲ್ಲ, ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿರಬಹುದು. ಸಾಧಾರಣ ಉಳುಕಿಗೆ ತಿಂಗಳುಗಟ್ಟಲೆ ಮಲಗುವುದೂ ತಪ್ಪು. ನೋವು ತಡೆಯುವಷ್ಟಾದ ಕೂಡಲೇ ಮೆಲ್ಲಗೆ ಆಡಿಸುವುದೇ ಮದ್ದು. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಅಂಗಾಲನ್ನು ದಿನಾ ನೋಡಿಕೊಳ್ಳಬೇಕು. ಗಾಯವಾದರೂ ಗೊತ್ತಾಗುವುದಿಲ್ಲ.

ನಾಟಿ ಕಟ್ಟಿಗೆ ಹೋಗುವವರು ಇಂದೂ ಇದ್ದಾರೆ. ಆಂಧ್ರದ ಪುತ್ತೂರು ಕಟ್ಟಿನ ಹೆಸರು ನಮ್ಮ ಕಡೆಯೂ ದೊಡ್ಡದು. ನಂಬಿಕೆ ಅವರವರದು. ಆದರೆ ಎಕ್ಸ್‌ರೇ ಇಲ್ಲದೆ ಕಟ್ಟು ಬೇಡ. ಕಟ್ಟಿದ ಮೇಲೆ ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ ಬೆಳಗಾಗುವ ತನಕ ಕಾಯಬಾರದು. ರಕ್ತ ಓಡದ ಕಾಲು ಕೊಳೆಯುತ್ತದೆ. ಹಾಗೆಯೇ, ಒಂದೇ ಮೀನಖಂಡ ಬಿಗಿದು ಊದಿ ನೋವು ಬಂದರೆ, ಉಸಿರು ಕಟ್ಟಿದರೆ ಅದನ್ನು ತಿಕ್ಕಬಾರದು. ರಕ್ತ ಹೆಪ್ಪುಗಟ್ಟಿರಬಹುದು. ನೇರ ಆಸ್ಪತ್ರೆಗೆ ಓಡಬೇಕು.

ಬಸ್ಸಿನ ಲೆಕ್ಕ

ತಿಪಟೂರಿನಿಂದ ಜಿಲ್ಲಾಸ್ಪತ್ರೆ ಇರುವ ತುಮಕೂರಿಗೆ ಸುಮಾರು 75 ಕಿಲೋಮೀಟರ್. ಹೋಗಿ ಬರಲು 150. ತುರುವೇಕೆರೆ ಕಡೆಯವರು ಬೆಳ್ಳೂರು ಕ್ರಾಸ್ ಬಳಿಯ ಆದಿಚುಂಚನಗಿರಿ ಆಸ್ಪತ್ರೆಗೂ ಹೋಗಬಹುದು, ಅದೂ ಬಸ್ಸಿನ ದಾರಿಯೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಜೊತೆಗೆ ಹೋಗುವ ಹೆಂಡತಿಗೆ ಟಿಕೆಟ್ ಇಲ್ಲ. ಕಾಲು ಮುರಿದ ಗಂಡನಿಗೆ ಟಿಕೆಟ್ ಇದೆ. ಟಿಕೆಟ್ ಹೋಗಲಿ, ಊರುಗೋಲು ಹಿಡಿದವನು ಆ ಮೆಟ್ಟಿಲು ಹತ್ತುವುದು ಹೇಗೆ? ಎರಡು ಸಲ ಹೋಗುತ್ತಾನೆ, ಮೂರನೆಯ ಸಲ ‘ಸಾಕು ಬಿಡು’ ಅನ್ನುತ್ತಾನೆ. ಆ ‘ಸಾಕು ಬಿಡು’ ಜೀವಮಾನದ ಕುಂಟಾಗಿ ಉಳಿಯುತ್ತದೆ.

ಈ ಚಿಕಿತ್ಸೆಗೆ ಎಲ್ಲರೂ ದಿನಾ ಹೋಗಬೇಕೆಂದಿಲ್ಲ. ವಾರಕ್ಕೊಮ್ಮೆ ತಿಳಿದವರು ನೋಡಿ, ಮುಂದಿನ ಹೆಜ್ಜೆ ಹೇಳಿಕೊಟ್ಟರೆ ಮಿಕ್ಕಿದ್ದನ್ನು ಮನೆಯ ಜಗಲಿಯಲ್ಲೇ ಮಾಡಬಹುದು. ಕೋಟಿಗಟ್ಟಲೆ ಯಂತ್ರ ಬೇಡ. ಒಬ್ಬ ತಜ್ಞ, ಒಂದು ಕೋಣೆ, ಒಂದು ಗೊತ್ತಾದ ದಿನ ಸಾಕು.

ಆಗಬೇಕಾದ್ದು ಇಷ್ಟೇ

ಮೂರೂ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಫಿಜಿಯೋಥೆರಪಿಗೆ ವಾರದ ದಿನ ಗೊತ್ತುಮಾಡಿ, ಬಾಗಿಲ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಲಿ. ಸಂತೆಯ ದಿನವಾದರೆ ಇನ್ನೂ ವಾಸಿ, ಹಳ್ಳಿಯವರು ಹೇಗೂ ಪೇಟೆಗೆ ಬರುತ್ತಾರೆ. ಕಟ್ಟು ಬಿಚ್ಚುವ ದಿನ ರೋಗಿಯ ಕೈಗೆ ಕನ್ನಡದಲ್ಲಿ ಅಚ್ಚಾದ, ಚಿತ್ರವಿರುವ ಒಂದು ಹಾಳೆ ಕೊಡಲಿ. ತೆಂಗು ಮಂಡಳಿ ಆರು ವಾರದ ಗಡಿಯನ್ನು ಕಾಲು ನಿಜಕ್ಕೂ ನಿಲ್ಲುವ ತನಕ ಹಿಗ್ಗಿಸಲಿ. ಮಂಡಳಿ 2011ರಿಂದ ಯಂತ್ರದಲ್ಲಿ ಮರ ಹತ್ತುವ ತರಬೇತಿ ಕೊಡುತ್ತಿದೆ. ಬೀಳದಂತೆ ಕಲಿಸುವವರು ಬಿದ್ದ ಮೇಲೆ ಏಳುವುದನ್ನೂ ಅದೇ ಪಾಠದಲ್ಲಿ ಸೇರಿಸಲಿ.

ತೋಟದ ಯಜಮಾನರಿಗೂ ಒಂದು ಮಾತು. ವಿಮೆಯಲ್ಲಿ ಕಾರ್ಮಿಕನ ಪಾಲಿನ ಕಂತು ಒಂದು ಕ್ವಿಂಟಲ್ ಕೊಬ್ಬರಿ ಬೆಲೆಯ ಮುಂದೆ ಚಿಲ್ಲರೆ ಕಾಸು. ಅದನ್ನು ತಾವೇ ಕಟ್ಟಿದರೆ ಗಂಟೇನೂ ಕರಗದು. ‘ಕಾಲು ಸರಿಯಾಗಲಿ, ಆಮೇಲೆ ಬಾ’ ಎಂದರೆ ಅದಕ್ಕಿಂತ ದೊಡ್ಡ ಉಪಕಾರ.

ಕಾಯಿ ಕೀಳುವವರು ಸಿಗುತ್ತಿಲ್ಲ ಎಂದು ಮೂರು ತಾಲ್ಲೂಕೂ ಗೋಳಾಡುತ್ತಿದೆ. ಇರುವವರ ಕಾಲನ್ನೂ ಅರ್ಧಕ್ಕೆ ಕೈಬಿಟ್ಟರೆ ನಾಳೆ ಮರದ ಮೇಲಿನ ಕಾಯಿ ಇಳಿಸುವವರು ಯಾರು? ಸಂಬಂಧಪಟ್ಟವರು ಮುಂದಿನ ಕೀಳಿಗೆ ಮುಂಚೆಯಾದರೂ ಗಮನಿಸುವರೇ?