ಜಾಣ ಮೀಟರು, ಮಂಕು ಸೊಸೈಟಿ

ಮುಂಬಯಿಯ ಅನೇಕ ಸೊಸೈಟಿಗಳಲ್ಲಿ ಹಳೆಯ ಮೀಟರು ಹೋಗಿ ಸ್ಮಾರ್ಟ್ ಮೀಟರು ಬಂದು ಕುಳಿತಿದೆ. ಅದು ಬರುವಾಗ ಗದ್ದಲವೇನು ಕಡಿಮೆಯಾಗಲಿಲ್ಲ. ಮುಂಗಡ ಹಣ ಕಟ್ಟುವ ಮೀಟರು ಬೇಡವೆಂದು ಜನ ಕೂಗಿದ ಮೇಲೆ 2024ರ ಜೂನ್‌ನಲ್ಲಿ ಮಹಾರಾಷ್ಟ್ರ ಸರಕಾರ ಸಾಮಾನ್ಯ ಗ್ರಾಹಕರ ಮಟ್ಟಿಗೆ ಅದನ್ನು ಕೈಬಿಡುವುದಾಗಿ ಸಾರಿತು. ಆ ಕೂಗು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಗದ್ದಲದಲ್ಲಿ ಒಂದು ಮಾತು ಮುಚ್ಚಿಹೋಯಿತು. ದಿನದ ಯಾವ ಹೊತ್ತಿನಲ್ಲಿ ಎಷ್ಟು ವಿದ್ಯುತ್ತು ಖರ್ಚಾಯಿತೆಂದು ಈ ಮೀಟರು ಬರೆದಿಡುತ್ತದೆ. ಅದನ್ನು ಕಂಪನಿಯವರು ಓದುತ್ತಾರೆ, ನಾವು ಓದುವುದಿಲ್ಲ.

ಅದರಲ್ಲೂ ಕಾಮನ್ ಮೀಟರು. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ ಎಲ್ಲ ಅದರ ಲೆಕ್ಕಕ್ಕೆ. ಎಲ್ಲರದೂ ಆದ್ದರಿಂದ ಕೇಳುವವರಿಲ್ಲ. ಏಳು ಮಾಳಿಗೆಯ ಕಟ್ಟಡದಲ್ಲಿ ಮಾಳಿಗೆಗೆರಡು ಹಳೆಯ ಟ್ಯೂಬ್‌ಲೈಟು, ಚೋಕೂ ಸೇರಿ ಒಂದೊಂದಕ್ಕೆ 50 ವ್ಯಾಟು ಎನ್ನೋಣ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಉರಿದರೆ ದಿನಕ್ಕೆ 8 ಯೂನಿಟ್ಟಿಗೂ ಮಿಕ್ಕಿ. 20 ವ್ಯಾಟಿನ ಎಲ್‌ಇಡಿ ಹಾಕಿದರೆ ಮೂರೂವರೆಯೊಳಗೆ ಮುಗಿಯಿತು. ಜನ ಬಂದಾಗ ಮಾತ್ರ ಹತ್ತುವ ಸೆನ್ಸರ್ ಇಟ್ಟರೆ ಇನ್ನೂ ಕಡಿಮೆ. ಟ್ಯಾಂಕು ತುಂಬಿ ತಾರಸಿಯಿಂದ ನೀರು ಸುರಿದರೂ ವಾಚ್‌ಮನ್ ಏಳುವ ತನಕ ಓಡುವ ಪಂಪಿನ ಕಥೆ ಬೇರೆಯೇ. ತಾನಾಗಿ ನಿಲ್ಲುವ ಸ್ವಿಚ್ಚು ಪೇಟೆಯಲ್ಲಿದೆ. ಸಭೆಯಲ್ಲಿ ಅದರ ಮಾತೆತ್ತಿದರೆ 'ಮುಂದಿನ ವರ್ಷ ನೋಡೋಣ.' ಪಾರ್ಕಿಂಗ್ ಜಗಳಕ್ಕಾದರೆ ಮೂರು ಗಂಟೆ.

ಮನೆಯೊಳಗೂ ಅಷ್ಟೆ. 75 ವ್ಯಾಟಿನ ಫ್ಯಾನು ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿ, ದಿನಕ್ಕೆ ಹದಿನೈದು ಗಂಟೆ ತಿರುಗಿಸಿದರೆ ತಿಂಗಳಿಗೆ 20 ಯೂನಿಟ್ ಉಳಿತಾಯ. ದುಬಾರಿ ಎನ್ನುತ್ತೀರಿ. ಸರಕಾರ ಸಗಟಾಗಿ ಕೊಂಡದ್ದರಿಂದಲ್ಲವೆ 2014ರಲ್ಲಿ 310 ರೂಪಾಯಿ ಇದ್ದ ಎಲ್‌ಇಡಿ ಬಲ್ಬಿನ ಖರೀದಿ ದರ 2016ರಲ್ಲಿ 38ಕ್ಕೆ ಇಳಿದದ್ದು? ನಲವತ್ತು ಮನೆಯವರು ಒಟ್ಟಾಗಿ ಹೋದರೆ ಅಂಗಡಿಯವನು ಬೆಲೆ ಇಳಿಸದೆ ಇರುವನೆ?

ನಮ್ಮ ಸಂಘದ ಸಭಾಗೃಹವನ್ನೂ ಬಿಡುವಂತಿಲ್ಲ. ಅಲ್ಲಿ ಎಸಿ 18 ಡಿಗ್ರಿಯಿಂದ ಮೇಲೇಳುವುದಿಲ್ಲ. ಕಳೆದ ಸಲದ ಅತಿಥಿಗಳು ಹೊದಿಸಿದ ಶಾಲನ್ನು ಕೊನೆಯವರೆಗೂ ತೆಗೆಯಲಿಲ್ಲ, ಗೌರವದಿಂದಲ್ಲ, ಚಳಿಯಿಂದ.

ಹಣ ನಮ್ಮದು, ಸುಟ್ಟರೇನು ಎಂದು ಕೇಳುವವರಿದ್ದಾರೆ. ಈ ನಗರಕ್ಕೆ ವಿದ್ಯುತ್ತು ಕೊಡಲು ತಮ್ಮ ಗದ್ದೆ ಮುಳುಗುವುದೆಂದು ಪುಣೆಯ ಹತ್ತಿರದ ಮುಳಶಿಯ ರೈತರು 1921ರಲ್ಲಿ ಸೇನಾಪತಿ ಬಾಪಟರ ನೇತೃತ್ವದಲ್ಲಿ ಸತ್ಯಾಗ್ರಹ ಹೂಡಿದರು. ಆದರೂ ಮುಳುಗಿತು. ನಮ್ಮ ಕಡೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಹಳ್ಳಿಗಳೂ ಹಾಗೆಯೇ ಹೋದವು. ಮನೆ, ಅಡಿಕೆ ತೋಟ ಬಿಟ್ಟು ಎದ್ದವರ ಮಕ್ಕಳು ನಮ್ಮ ಓದುಗರಲ್ಲೂ ಇರಬಹುದು. ಹಗಲು ಹನ್ನೊಂದಕ್ಕೆ ಉರಿಯುತ್ತಿರುವ ಮೆಟ್ಟಿಲ ದೀಪಕ್ಕೆ ಅವರೆದುರು ಏನು ಸಮಜಾಯಿಷಿ ಹೇಳೋಣ?

ಕಾಮನ್ ಮೀಟರಿನ ಹನ್ನೆರಡು ತಿಂಗಳ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಅಂಟಿಸಿರೆಂದು ಬರುವ ವಾರ್ಷಿಕ ಸಭೆಯಲ್ಲಿ ಕೇಳಿರಿ. ಕಾರ್ಯದರ್ಶಿಗಳಿಗೆ ಕೋಪ ಬಂದರೆ ಬರಲಿ. ಸಭಾಗೃಹದ ಬಿಲ್ಲನ್ನು ಬಾಗಿಲಲ್ಲೇ ಅಂಟಿಸುವಂತೆ ನಾವೂ ನಮ್ಮ ಸಮಿತಿಗೆ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.