ಕಾವಲುನಾಯಿಯ ಶಿಕ್ಷಣವೂ ಯಜಮಾನನ ಹೊಣೆಯೂ

ಹೊಲ, ಕಣ, ಹಟ್ಟಿಗಳ ಕಾವಲಿಗಾಗಿ ನಾಯಿಯನ್ನು ಸಾಕುವ ಪದ್ಧತಿಯು ಈ ನಾಡಿನಲ್ಲಿ ಬಹು ಪ್ರಾಚೀನವಾದುದು. ಹೋರಿಯನ್ನು ನೊಗಕ್ಕೆ ಪಳಗಿಸುವಾಗ ತಿಂಗಳುಗಟ್ಟಲೆ ತಾಳ್ಮೆ ತೋರುವ ರೈತನು, ನಾಯಿಯ ವಿಷಯದಲ್ಲಿ ಮಾತ್ರ ಸರಪಳಿ, ದೊಣ್ಣೆಗಳೆರಡೇ ಸಾಕೆಂದು ತಿಳಿದಿರುವುದು ವಿಷಾದಕರ. ಇದರ ಫಲವಾಗಿ ದಾರಿಹೋಕರನ್ನೂ ಮಕ್ಕಳನ್ನೂ ಕಚ್ಚುವ, ನೆರೆಯವರ ಕುರಿಕೋಳಿಗಳನ್ನು ಕೊಲ್ಲುವ ನಾಯಿಗಳು ಹುಟ್ಟಿಕೊಂಡು, ವ್ಯಾಜ್ಯವು ಊರ ಹಿರಿಯರ ಮುಂದೆ ಬರುತ್ತದೆ. ಇಂತಹ ಸಂದರ್ಭಗಳಲ್ಲಿ ತಪ್ಪು ಬಹುಮಟ್ಟಿಗೆ ಯಜಮಾನನದೇ ಹೊರತು ನಾಯಿಯದಲ್ಲ.

ಮುಧೋಳದ ನಾಯಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 2005ರಲ್ಲಿ ಅಂಚೆ ಇಲಾಖೆಯವರು ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದರು. ಇದರ ಕೀರ್ತಿಯನ್ನು ಕೇಳಿ ಜಮೀನುದಾರರು ಮರಿಗಳನ್ನು ತರಿಸುವುದುಂಟು. ದೂರದಿಂದಲೇ ಬೇಟೆಯನ್ನು ಕಂಡು ವೇಗದಿಂದ ಅಟ್ಟುವುದು ಈ ಜಾತಿಯ ಹುಟ್ಟುಗುಣ. ಇಂತಹ ಪ್ರಾಣಿಯನ್ನು ಎರಡು ಮೊಳದ ಸರಪಳಿಯಲ್ಲಿ ಹಗಲಿರುಳು ಬಿಗಿದಿಟ್ಟರೆ, ಕಳಚಿಕೊಂಡ ದಿನ ಅದು ಎದುರಿಗೆ ಓಡಿದ ಆಡಿನ ಮೇಲೆ ಎರಗುವುದರಲ್ಲಿ ಆಶ್ಚರ್ಯವೇನು? ಮೊಲದ ಬೇಟೆಗೆ ಬಿಟ್ಟು ಅದನ್ನು ಚುರುಕುಗೊಳಿಸುವುದೂ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದು ಅಪರಾಧ. ಪ್ರತಿದಿನವೂ ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ತಿರುಗಾಡಿಸುವುದೂ, ಬೇಲಿಯುಳ್ಳ ತೋಟದಲ್ಲಿ ಓಡಾಡಿಸುವುದೂ ಅತ್ಯಾವಶ್ಯಕ.

ಮರಿಗೆ 8 ವಾರ ತುಂಬುವ ಮೊದಲು ಅದನ್ನು ತಾಯಿಯಿಂದ ಅಗಲಿಸಕೂಡದು. ಸುಮಾರು 14ನೆಯ ವಾರದವರೆಗೆ ಅದರ ಮನಸ್ಸು ಹಸಿಮಣ್ಣಿನಂತಿರುವುದು. ಆ ಕಾಲದಲ್ಲಿ ಮಕ್ಕಳು, ಹೊಸಬರು, ದನಕರು, ಕೋಳಿ, ಗಾಡಿ ಇವುಗಳ ನಡುವೆ ಹೆದರಿಕೆಯಿಲ್ಲದೆ ಬೆಳೆಯುವಂತೆ ನೋಡಿಕೊಳ್ಳತಕ್ಕದ್ದು. ಕರೆದಾಗ ಬಂದ ಮರುಕ್ಷಣವೇ ರೊಟ್ಟಿಯ ಚೂರನ್ನಿತ್ತು ಮೈದಡವಬೇಕು. ಪಾಠವು ಒಂದು ಸಲಕ್ಕೆ 5 ನಿಮಿಷ ನಡೆದರೆ ಸಾಕು. ಮನೆಯವರೆಲ್ಲರೂ ಒಂದೇ ಮಾತಿನಿಂದ ಕರೆಯತಕ್ಕದ್ದು. ಒಬ್ಬನು ಬಾ ಎಂದೂ, ಮತ್ತೊಬ್ಬನು ಇನ್ನೇನೋ ಕೂಗಿಯೂ ಕರೆದರೆ ಅದು ಯಾರ ಮಾತನ್ನೂ ಕಲಿಯದು. ಬೆಳಿಗ್ಗೆ ಕೋಳಿಯನ್ನು ಕೊಂದುದಕ್ಕೆ ಸಂಜೆ ಹೊಡೆದರೆ, ಯಜಮಾನನು ಬಂದಾಗ ಪೆಟ್ಟು ಬೀಳುವುದೆಂಬುದನ್ನು ಮಾತ್ರ ನಾಯಿಯು ಕಲಿಯುತ್ತದೆ.

ಮೃದುವಾಗಿ ಪಳಗಿಸಿದ ನಾಯಿಯು ಕಾವಲಿಗೆ ಬಾರದೆಂದು ಕೆಲವರು ಆಕ್ಷೇಪಿಸುವರು. ಈ ಮಾತು ವಿಚಾರಕ್ಕೆ ನಿಲ್ಲತಕ್ಕದ್ದಲ್ಲ. ಹೊಸಬರನ್ನು ಕಂಡು ಬೊಗಳುವುದೂ, ಯಜಮಾನನು ಹೇಳಿದಾಗ ನಿಲ್ಲಿಸುವುದೂ ಕಾವಲಿನ ಸಾರ. ಪೆಟ್ಟು ತಿಂದು ಬೆಳೆದ ನಾಯಿಯು ಹೆದರಿಕೆಯಿಂದ ಕಚ್ಚುತ್ತದೆ. ಹೆದರಿದುದಕ್ಕೆ ಕಳ್ಳನೂ ಒಂದೇ, ಶಾಲೆಗೆ ಹೋಗುವ ಮಗುವೂ ಒಂದೇ. ಗುರುಗುಟ್ಟಿದುದಕ್ಕಾಗಿ ಹೊಡೆಯುವುದಂತೂ ಇನ್ನೂ ಅಪಾಯಕರ. ಗುರುಗುಟ್ಟುವುದು ಎಚ್ಚರಿಕೆ, ಅದನ್ನು ಅಡಗಿಸಿದರೆ ಮುಂದೆ ನಾಯಿಯು ಸುಳಿವು ಕೊಡದೆಯೇ ಬಾಯಿ ಹಾಕುವುದು.

ಇದು ಕೇವಲ ದಯೆಯ ಮಾತಲ್ಲ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಪ್ರಕರಣದಂತೆ, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕ ವ್ಯಾಯಾಮವನ್ನು ಕೊಡದಿರುವುದೂ ದಂಡನಾರ್ಹವಾಗಿದೆ. ಇದಲ್ಲದೆ, 3 ತಿಂಗಳ ವಯಸ್ಸಿನಲ್ಲಿ ಮರಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ಮರಳಿ ಹಾಕಿಸುತ್ತಿರತಕ್ಕದ್ದು. ನಾಯಿ ಕಚ್ಚಿದ ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಈ ರೋಗದ ಚಿಹ್ನೆಗಳು ತೋರಿದ ಮೇಲೆ ರೋಗಿಯು ಬದುಕುವುದು ಅತಿ ವಿರಳ.

ಆದುದರಿಂದ ನಾಯಿ ಕಚ್ಚಿತೆಂಬ ದೂರು ಬಂದಾಗ ಊರ ಮುಖಂಡರು, ನಾಯಿಯನ್ನು ಕೊಲ್ಲಬೇಕೆಂಬ ಕೂಗಿಗೆ ಕಿವಿಗೊಡದೆ, ಗಾಯಗೊಂಡವರನ್ನು ಮೊದಲು ಆಸ್ಪತ್ರೆಗೆ ಕಳುಹಿಸಿ, ಬಳಿಕ ಯಜಮಾನನನ್ನು ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತ: ಲಸಿಕೆ ಹಾಕಿಸಿದೆಯೇ? ದಿನಕ್ಕೆ ಎಷ್ಟು ಹೊತ್ತು ಕಟ್ಟಿರುತ್ತೀಯೆ? ಕರೆದರೆ ಅದು ನಿನ್ನ ಬಳಿಗೆ ಬರುವುದೇ? ಇವುಗಳಿಗೆ ಸಮರ್ಪಕವಾದ ಉತ್ತರ ಕೊಡಲಾರದವನು ನಾಯಿಯನ್ನು ದೂರುವುದಕ್ಕೆ ಅರ್ಹನಲ್ಲ.